ಹೀರೊ ಪಕ್ಕದ ಲೇನಿನಲ್ಲಿ ನಿಂತಿದ್ದ ಕಾಲ

1977ರ ಆಸುಪಾಸಿನ ಒಂದು ಭಾನುವಾರ. ದಕ್ಷಿಣ ಕ್ಯಾಲಿಫೋರ್ನಿಯಾದ ಯಾವುದೋ ಖಾಲಿ ಜಾಗದಲ್ಲಿ ಮಣ್ಣು ಗುಡ್ಡೆ ಹಾಕಿ, ಸಲಿಕೆಯಿಂದ ತಟ್ಟಿ ಮಾಡಿದ ಸೈಕಲ್ ಟ್ರ್ಯಾಕು. ಪಕ್ಕದಲ್ಲಿ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಪಿನ್ನು ಹೊಡೆದ ಹತ್ತಾರು ಹಾಳೆಗಳು, ಹಾಳೆಗಳ ಮುಂದೆ ಮಕ್ಕಳ ನೂಕುನುಗ್ಗಲು. ಹತ್ತು ವರ್ಷದ ಹುಡುಗನೊಬ್ಬ ಬೆರಳಿಟ್ಟು ತನ್ನ ಹೆಸರು ಹುಡುಕುತ್ತಿದ್ದಾನೆ. ಹುಡುಕುತ್ತಾ ಹೋದ ಬೆರಳು ಪಕ್ಕದ ಹಾಳೆಯಲ್ಲಿ ತಟ್ಟನೆ ನಿಲ್ಲುತ್ತದೆ. ಅಲ್ಲಿರುವುದು ಅವನ ಕೋಣೆಯ ಗೋಡೆಯ ಮೇಲೆ ಅಂಟಿಸಿದ ಚಿತ್ರದಲ್ಲಿರುವವನ ಹೆಸರು. ಹಿಂತಿರುಗಿ ನೋಡಿದರೆ ಚಿತ್ರದವನೇ ಬೆನ್ನ ಹಿಂದೆ ನಿಂತು, ಹುಡುಗನ ತಲೆಯ ಮೇಲಿಂದ ಅದೇ ಹಲಗೆಯನ್ನು ಓದುತ್ತಿದ್ದಾನೆ. ಅವನಿಗೂ ತನ್ನ ಸರದಿ ಯಾವಾಗ, ತನ್ನ ಲೇನು ಯಾವುದು ಎಂದು ತಿಳಿಯಬೇಕಿದೆ.

ಈ ಹುಡುಗನನ್ನು ಕಲ್ಪಿಸಿಕೊಂಡವನು ನಾನು. ಹಲಗೆಯನ್ನಲ್ಲ. ಅದನ್ನು ಮೋಟೊ ಬೋರ್ಡ್ ಎನ್ನುತ್ತಿದ್ದರು, ಇಂದಿಗೂ ಎನ್ನುತ್ತಾರೆ. ಮಣ್ಣಿನ ದಿಬ್ಬಗಳ ಟ್ರ್ಯಾಕಿನಲ್ಲಿ ಪುಟ್ಟ ಚಕ್ರದ ಸೈಕಲ್ಲುಗಳ ಓಟವಾದ ಬಿಎಂಎಕ್ಸ್ ರೇಸಿಂಗಿನ ಮೊದಲ ಹದಿನೈದು ವರ್ಷಗಳಲ್ಲಿ ಇಂಥ ಭೇಟಿ ಪವಾಡವಾಗಿರಲಿಲ್ಲ, ಆ ಕ್ರೀಡೆಯನ್ನು ಕಟ್ಟಿದ ರೀತಿಯೇ ಅದನ್ನು ತಂದುಕೊಡುತ್ತಿತ್ತು. ನಾವು ಬೆಳೆದ ಕ್ರಿಕೆಟ್ಟಿನಲ್ಲಿ ಹೀರೊ ಎಂದರೆ ಬೇಲಿಯ ಆಚೆಗಿನವನು. ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ ಕುಳಿತು ಬೊಟ್ಟಿನಷ್ಟು ಗಾತ್ರದ ಬಿಳಿ ಆಕೃತಿಯನ್ನು ನೋಡಿ, ಅದೇ ಅವನು ಎಂದು ನಂಬಿ ಮನೆಗೆ ಬರುತ್ತಿದ್ದೆವು. ಬಿಎಂಎಕ್ಸ್‌ನಲ್ಲಿ ಆ ಬೇಲಿ ಏಕೆ ಇರಲಿಲ್ಲ ಎಂದು ತಿಳಿಯಬೇಕಾದರೆ ರೇಸು ನಡೆಯುವ ಬಗೆಯನ್ನೇ ಬಿಚ್ಚಿ ನೋಡಬೇಕು. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಅದು.

ಮೊದಲು ಸೈಕಲ್ಲು. 1963ರಲ್ಲಿ ಅಮೆರಿಕದ ಶ್ವಿನ್ ಕಂಪನಿ ಸ್ಟಿಂಗ್‌ರೇ ಎಂಬ ಸೈಕಲನ್ನು ಮಾರುಕಟ್ಟೆಗೆ ತಂದಿತು. ಇಪ್ಪತ್ತು ಇಂಚಿನ ಪುಟ್ಟ ಚಕ್ರಗಳು, ಎಮ್ಮೆಯ ಕೊಂಬಿನಂತೆ ಮೇಲೆದ್ದ ಹ್ಯಾಂಡಲ್, ಬಾಳೆಹಣ್ಣಿನಾಕಾರದ ಉದ್ದನೆಯ ಸೀಟು. ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಸಣ್ಣ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲ್ ಹಾಕಿಕೊಂಡು ಓಡಾಡುತ್ತಿದ್ದಾರೆಂಬ ಸುದ್ದಿ ಕೇಳಿ ಕಂಪನಿಯ ಆಲ್ ಫ್ರಿಟ್ಜ್ ಅದನ್ನು ರೂಪಿಸಿದರು. ಅಂದರೆ ಮೊದಲ ವಿನ್ಯಾಸ ಬಂದದ್ದೇ ಬೀದಿಯ ಮಕ್ಕಳಿಂದ, ಕಂಪನಿ ಅದನ್ನು ಹಿಂಬಾಲಿಸಿತು. ಮುಂದಿನ ಇಪ್ಪತ್ತು ವರ್ಷ ಈ ಕ್ರೀಡೆಯಲ್ಲಿ ಇದೇ ಮತ್ತೆ ಮತ್ತೆ ನಡೆಯಿತು.

ಅದೇ ಹೊತ್ತಿಗೆ ಯುರೋಪಿನ ಮೋಟೊಕ್ರಾಸ್, ಎಂದರೆ ಕಚ್ಚಾ ಮಣ್ಣಿನ ಟ್ರ್ಯಾಕಿನ ಮೇಲೆ ಮೋಟರ್‌ಸೈಕಲ್ ಹಾರಿಸುವ ಪಂದ್ಯ, ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದಿತ್ತು. ಬೆಲ್ಜಿಯಂನ ರೋಜರ್ ಡಿಕಾಸ್ಟರ್ 1971ರಿಂದ 1976ರ ನಡುವೆ 500 ಸಿಸಿ ವಿಭಾಗದಲ್ಲಿ ಐದು ಬಾರಿ ವಿಶ್ವ ಚಾಂಪಿಯನ್ ಆದವರು. ಇಂಥ ಸವಾರರನ್ನು ನೋಡಿದ ಹುಡುಗರಿಗೆ ಮೋಟರ್‌ಸೈಕಲ್ ಕೊಡಿಸುವವರು ಯಾರು? ಕೈಯಲ್ಲಿದ್ದದ್ದು ಸ್ಟಿಂಗ್‌ರೇ. ಅದನ್ನೇ ಮಣ್ಣಿನ ದಿಬ್ಬಕ್ಕೆ ಹತ್ತಿಸಿದರು, ಬಾಯಲ್ಲೇ ಎಂಜಿನ್ನಿನ ಸದ್ದು ಮಾಡಿದರು. ಬೈಸಿಕಲ್ ಮೋಟೊಕ್ರಾಸ್ ಎಂಬ ಹೆಸರು ಹುಟ್ಟಿದ್ದು ಹೀಗೆ. ಬರೆಯುವಾಗ ಕ್ರಾಸ್ ಎಂಬುದಕ್ಕೆ ಗುಣಾಕಾರದ ಗುರುತಿನಂಥ ಎಕ್ಸ್ ಹಾಕಿದರು, ಬಿಎಂಎಕ್ಸ್ ಆಯಿತು. ಈ ಮಕ್ಕಳ ಮೊದಲ ಹೀರೊಗಳು ಸೈಕಲ್ ಸವಾರರೇ ಅಲ್ಲ, ಮೋಟರ್‌ಸೈಕಲ್ ಸವಾರರು ಎಂಬುದನ್ನು ನೆನಪಿಡಬೇಕು. ತಮ್ಮದೇ ಹೀರೊಗಳನ್ನು ಅವರು ತಮ್ಮೊಳಗಿನಿಂದಲೇ ಹುಟ್ಟಿಸಿಕೊಳ್ಳಬೇಕಿತ್ತು.

1969ರ ಜುಲೈ 10ರಂದು ಲಾಸ್ ಏಂಜಲೀಸ್‌ನ ಪಶ್ಚಿಮ ಭಾಗದ ಪಾಮ್ಸ್ ಪಾರ್ಕಿನಲ್ಲಿ ಹುಡುಗರ ಗುಂಪೊಂದು ಅಲ್ಲಿನ ಪಾರ್ಕ್ ಸಿಬ್ಬಂದಿ ರಾನ್ ಮ್ಯಾಕ್ಲರ್ ಅವರ ಬಳಿ ಬಂದು, ಸೈಕಲ್ ರೇಸ್ ಮಾಡಲು ನೆರವಾಗಿ ಎಂದು ಕೇಳಿತು. ಮ್ಯಾಕ್ಲರ್ ಸ್ವತಃ ಮೋಟರ್‌ಸೈಕಲ್ ರೇಸಿನ ರುಚಿ ಕಂಡವರು, ಒಪ್ಪಿದರು. ಸಂಘಟಿತ ಬಿಎಂಎಕ್ಸ್‌ನ ಮೊದಲ ದಿನಾಂಕವೆಂದು ಸಾಮಾನ್ಯವಾಗಿ ಹೇಳುವುದು ಇದನ್ನೇ.

ಆದರೆ ನನ್ನ ಮನಸ್ಸು ನಿಲ್ಲುವುದು ಮುಂದಿನ ವರ್ಷದ ಲಾಂಗ್ ಬೀಚಿನಲ್ಲಿ. 1970ರ ನವೆಂಬರ್ 14ರಂದು ಸ್ಕಾಟ್ ಬ್ರೈಟಾಪ್ ಎಂಬ ಹುಡುಗ ಒಂದು ಖಾಲಿ ನಿವೇಶನದಲ್ಲಿ ರೇಸ್ ನಡೆಸಿದ. ಅವನ ವಯಸ್ಸು ಹದಿಮೂರು. ಅವನೂ ಮೋಟರ್‌ಸೈಕಲ್ ರೇಸ್ ಮಾಡುತ್ತಿದ್ದ. ಆ ಪಂದ್ಯಗಳಲ್ಲಿ ತಾನು ಗೆದ್ದಿದ್ದ ಟ್ರೋಫಿಗಳನ್ನೇ ಮನೆಯಿಂದ ತಂದು ಬಹುಮಾನವಾಗಿಟ್ಟ. ಪ್ರವೇಶ ಶುಲ್ಕ 25 ಸೆಂಟ್. ಮೊದಲ ದಿನ 35 ಮಕ್ಕಳು ಬಂದರು, ಮುಂದಿನ ಬಾರಿ ಸುಮಾರು 150. ಆ ನಿವೇಶನದಲ್ಲಿ ಮನೆಯಿಲ್ಲದ ಅಲೆಮಾರಿಗಳು ಬಂದು ಕೂರುತ್ತಿದ್ದರು, ಇಂಗ್ಲಿಷಿನ ಆಡುಮಾತಿನಲ್ಲಿ ಅವರಿಗೆ ಬಮ್ಸ್ ಎಂಬ ಹೆಸರು. ಟ್ರ್ಯಾಕಿಗೂ ಅದೇ ಹೆಸರು ಬಂತು. ಅಕ್ಷರಗಳಿಗೆ ಹೊಂದುವಂತೆ ಬೈಸಿಕಲ್ ಯುನೈಟೆಡ್ ಮೋಟೊಕ್ರಾಸ್ ಸೊಸೈಟಿ ಎಂಬ ಗಂಭೀರವಾದ ವಿಸ್ತರಣೆಯನ್ನು ಆಮೇಲೆ ಜೋಡಿಸಿದರು.

ತಾನು ಗೆದ್ದ ಟ್ರೋಫಿಯನ್ನು ಇನ್ನೊಬ್ಬ ಹುಡುಗನ ಕೈಗಿಟ್ಟ ಆ ಹದಿಮೂರರ ಬಾಲಕನನ್ನು ನಾನು ಬಹಳ ಸಲ ನೆನೆದಿದ್ದೇನೆ. ಸಂಘಟಕ, ತೀರ್ಪುಗಾರ, ಸ್ಪರ್ಧಿ, ಹೀರೊ ಎಲ್ಲವೂ ಒಬ್ಬನೇ, ಅವನಿಗಿನ್ನೂ ಕಾರು ಓಡಿಸುವ ವಯಸ್ಸೂ ಆಗಿಲ್ಲ. ಈ ಕ್ರೀಡೆಯಲ್ಲಿ ದೊಡ್ಡವರು ಕಟ್ಟಿದ ಮೆಟ್ಟಿಲು ಮೊದಲಿಗೆ ಇರಲೇ ಇಲ್ಲ. ಕ್ಲಬ್ಬು, ಆಯ್ಕೆ ಸಮಿತಿ, ಕೋಚು ಇಲ್ಲ. ನಾಲ್ಕು ವರ್ಷ ದೊಡ್ಡವನಾದ ಹುಡುಗ ನಾಲ್ಕು ವರ್ಷ ಚಿಕ್ಕವನಿಗೆ ಹೀರೊ. ಅಷ್ಟೇ ಅಂತರ.

ಈಗ ಹಲಗೆಯ ಮೇಲಿನ ಹಾಳೆಗೆ ಬರೋಣ.

ಬಿಎಂಎಕ್ಸ್ ರೇಸು ಎಂದರೆ ಒಂದೇ ಓಟವಲ್ಲ. ಮೊದಲು ಸ್ಪರ್ಧಿಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸುತ್ತಾರೆ. ಎಂಟು ವರ್ಷದವರದು ಒಂದು ವರ್ಗ, ಒಂಬತ್ತರವರದು ಇನ್ನೊಂದು, ಹತ್ತರವರದು ಮತ್ತೊಂದು. ಮಕ್ಕಳ ಮೈಕಟ್ಟು ವರ್ಷ ವರ್ಷಕ್ಕೂ ಬದಲಾಗುವುದರಿಂದ ಈ ಸೂಕ್ಷ್ಮ ವಿಂಗಡಣೆ. ಅದರೊಳಗೆ ಮತ್ತೆ ಅನುಭವದ ವಿಂಗಡಣೆ. ಹೊಸಬರು ನೋವಿಸ್, ನುರಿತವರು ಎಕ್ಸ್‌ಪರ್ಟ್. ಎಲ್ಲರ ಮೇಲೆ, ಹಣಕ್ಕಾಗಿ ಓಡುವ ಪ್ರೊ ವರ್ಗ. ಅದು 1970ರ ದಶಕದ ನಡುವಿನಲ್ಲಿ ಬೆಳೆದುಬಂತು. ಒಂದೊಂದು ವರ್ಗದವರನ್ನೂ ಎಂಟೆಂಟು ಜನರ ಗುಂಪು ಮಾಡುತ್ತಾರೆ, ಏಕೆಂದರೆ ಓಟ ಶುರುವಾಗುವ ಗೇಟಿನಲ್ಲಿ ಹಿಡಿಯುವುದು ಎಂಟೇ ಜನ. ಇಂಥ ಗುಂಪಿನ ಒಂದು ಓಟಕ್ಕೆ ಮೋಟೊ ಎಂದು ಹೆಸರು, ಇದೂ ಮೋಟೊಕ್ರಾಸ್‌ನಿಂದ ಬಂದ ಪದ. ಒಬ್ಬೊಬ್ಬರಿಗೂ ಸಾಮಾನ್ಯವಾಗಿ ಮೂರು ಮೋಟೊ. ಒಂದು ಓಟ ಮುಗಿಯುವುದಕ್ಕೆ ಮುಕ್ಕಾಲು ನಿಮಿಷವೂ ಬೇಕಿಲ್ಲ.

ಯಾರು ಮುಂದಕ್ಕೆ ಹೋಗುತ್ತಾರೆ ಎಂಬ ಲೆಕ್ಕದಲ್ಲಿ ಎರಡು ಸಂಪ್ರದಾಯಗಳಿದ್ದವು. ಫ್ಲಾರಿಡಾದಲ್ಲಿ ಜಾರ್ಜ್ ಎಸ್ಸರ್ 1974ರಲ್ಲಿ ಕಟ್ಟಿದ ನ್ಯಾಷನಲ್ ಬೈಸಿಕಲ್ ಲೀಗಿನಲ್ಲಿ ಮೂರೂ ಮೋಟೊಗಳ ಸ್ಥಾನವನ್ನು ಕೂಡುತ್ತಿದ್ದರು. ಮೊದಲ ಸ್ಥಾನಕ್ಕೆ ಒಂದು ಅಂಕ, ಎರಡನೆಯದಕ್ಕೆ ಎರಡು. ಕಡಿಮೆ ಅಂಕದವನು ಮೇಲು. ಒಬ್ಬ ಹುಡುಗ ಎರಡು, ಒಂದು, ಮೂರನೆಯ ಸ್ಥಾನ ಪಡೆದರೆ ಒಟ್ಟು ಆರು. ಇನ್ನೊಬ್ಬ ಎರಡು ಸಲ ಮೊದಲಿಗನಾಗಿ, ಮೂರನೆಯ ಸಲ ತಿರುವಿನಲ್ಲಿ ಬಿದ್ದು ಎಂಟನೆಯವನಾದರೆ ಹತ್ತು. ಎರಡು ಬಾರಿ ಗೆದ್ದವನಿಗಿಂತ ಒಂದೇ ಬಾರಿ ಗೆದ್ದವನು ಮುಂದೆ! ಅರಿಜೋನಾದಲ್ಲಿ 1977ರಲ್ಲಿ ಹುಟ್ಟಿದ ಅಮೆರಿಕನ್ ಬೈಸಿಕಲ್ ಅಸೋಸಿಯೇಷನ್ ಬೇರೆ ದಾರಿ ಹಿಡಿಯಿತು. ಮೋಟೊದಲ್ಲಿ ಗೆದ್ದವನು ನೇರವಾಗಿ ಮುಂದಿನ ಸುತ್ತಿಗೆ, ಉಳಿದವರು ಮತ್ತೆ ಓಡಬೇಕು. ಮೊದಲ ಪದ್ಧತಿ ಸ್ಥಿರತೆಯನ್ನು ಕೇಳುತ್ತದೆ, ಎರಡನೆಯದು ಒಂದು ಉಜ್ವಲ ಓಟವನ್ನು. ಯಾವುದು ನ್ಯಾಯ ಎಂಬ ವಾದ ದಶಕಗಳ ಕಾಲ ನಡೆಯಿತು, 2011ರಲ್ಲಿ ಎರಡೂ ಸಂಸ್ಥೆಗಳು ಒಂದಾಗಿ ಯುಎಸ್‌ಎ ಬಿಎಂಎಕ್ಸ್ ಆಗುವವರೆಗೂ.

ನಮ್ಮ ವಿಷಯಕ್ಕೆ ಇದರಲ್ಲಿ ಮುಖ್ಯವಾದದ್ದು ಇಷ್ಟು. ಆರು ವರ್ಷದ ಮಗುವಿನಿಂದ ಹಿಡಿದು ಹೆಸರಾಂತ ಪ್ರೊವರೆಗೆ ಎಲ್ಲರ ಮೋಟೊಗಳೂ ಒಂದೇ ದಿನ, ಒಂದೇ ಟ್ರ್ಯಾಕಿನ ಮೇಲೆ, ಒಂದರ ಬೆನ್ನಿಗೆ ಒಂದರಂತೆ ನಡೆಯುತ್ತಿದ್ದವು. ನಿಮ್ಮದು ಹನ್ನೆರಡನೆಯ ಮೋಟೊ, ಹೀರೊನದು ನಲವತ್ತನೆಯದು. ನಡುವಿನ ಸಮಯದಲ್ಲಿ ಅವನಿಗೆ ಹೋಗಲು ಬೇರೆ ಜಾಗವಿಲ್ಲ. ನಿಮ್ಮ ಮನೆಯವರ ವ್ಯಾನಿನ ಪಕ್ಕದಲ್ಲೇ ಅವನ ವ್ಯಾನು. ಅವನೂ ನೆರಳಿನಲ್ಲಿ ಕುಳಿತು ಚೈನ್ ಬಿಗಿ ಮಾಡುತ್ತಿರುತ್ತಾನೆ. ಒಂದೊಂದು ಮೋಟೊಗೆ ಮುಕ್ಕಾಲು ನಿಮಿಷ, ಒಬ್ಬನ ಎರಡು ಮೋಟೊಗಳ ನಡುವೆ ಗಂಟೆಗಟ್ಟಲೆ ಕಾಯುವಿಕೆ. ಭೇಟಿ ಹುಟ್ಟುತ್ತಿದ್ದದ್ದು ಈ ಕಾಯುವಿಕೆಯಲ್ಲಿ.

ಭೇಟಿಯೆಂದರೆ ಬರೀ ಹಸ್ತಾಕ್ಷರವಲ್ಲ. ಬೆಳಗಿನ ಅಭ್ಯಾಸದ ಹೊತ್ತಿನಲ್ಲಿ ಚಿಕ್ಕವನೊಬ್ಬ ದೊಡ್ಡವನ ಹಿಂದೆಯೇ ಟ್ರ್ಯಾಕಿಗೆ ಇಳಿಯಬಹುದಿತ್ತು. ಆಗ ಅವನಿಗೆ ಕಾಣುವುದನ್ನು ಯಾವ ಪತ್ರಿಕೆಯೂ ಕೊಡಲಾರದು. ಬರ್ಮ್ ಎಂದರೆ ತಿರುವಿನಲ್ಲಿ ಹೊರಭಾಗಕ್ಕೆ ಗೋಡೆಯಂತೆ ಎತ್ತಿ ಕಟ್ಟಿದ ಮಣ್ಣು, ಸೈಕಲ್ ಅದಕ್ಕೆ ಒರಗಿಕೊಂಡು ವೇಗ ಕಳೆದುಕೊಳ್ಳದೆ ತಿರುಗುತ್ತದೆ. ಹೊಸಬ ಬರ್ಮಿನ ನಡುವಿನಲ್ಲಿ ಹೋಗುತ್ತಾನೆ. ನುರಿತವನು ಮೇಲಿನಿಂದ ಹೊಕ್ಕು ಕೆಳಗೆ ಜಾರಿ, ಮುಂದಿದ್ದವನ ಒಳಬದಿಯಿಂದ ಹೊರಬೀಳುತ್ತಾನೆ. ಟೇಬಲ್‌ಟಾಪ್ ಎಂದರೆ ತುದಿ ಚಪ್ಪಟೆಯಾದ ದಿಬ್ಬ. ಹೊಸಬ ಅದರ ಮೇಲೆ ಎತ್ತರಕ್ಕೆ ಹಾರಿ ಖುಷಿಪಡುತ್ತಾನೆ, ನುರಿತವನು ಹಾರುವುದನ್ನು ತಡೆಯಲು ನೋಡುತ್ತಾನೆ. ಗಾಳಿಯಲ್ಲಿರುವಷ್ಟು ಹೊತ್ತು ಪೆಡಲ್ ತುಳಿದು ಪ್ರಯೋಜನವಿಲ್ಲವಲ್ಲ! ಹಾಗಾಗಿ ದಿಬ್ಬದ ತುದಿ ಬರುತ್ತಿದ್ದಂತೆ ಮೊಣಕಾಲು ಮೊಣಕೈ ಮಡಿಸಿ ಸೈಕಲನ್ನು ಎದೆಗೆ ಎಳೆದುಕೊಳ್ಳುತ್ತಾನೆ. ಇಳಿಜಾರು ಸಿಕ್ಕೊಡನೆ ಚಕ್ರವನ್ನು ಮಣ್ಣಿಗೆ ಒತ್ತುತ್ತಾನೆ. ಐದಡಿ ಹಿಂದೆ ಬರುವ ಹತ್ತು ವರ್ಷದವನಿಗೆ ಇದು ಒಮ್ಮೆ ಕಂಡರೆ ಸಾಕು.

ಇನ್ನು ಗೇಟು. ಬಿಎಂಎಕ್ಸ್‌ನ ಅರ್ಧ ಜೀವ ಅಲ್ಲಿದೆ. ಆರಂಭದಲ್ಲಿ ಬಾವುಟ ಬೀಸಿಯೋ, ಅಡ್ಡ ಹಿಡಿದ ರಬ್ಬರ್ ಹಗ್ಗ ಬಿಟ್ಟೋ ಓಟ ಶುರುಮಾಡುತ್ತಿದ್ದರು. ಆಮೇಲೆ ಇಳಿಜಾರಿನ ತಲೆಯ ಮೇಲೆ ಕೀಲು ಹಾಕಿ ನಿಲ್ಲಿಸಿದ ಹಲಗೆಯ ಗೇಟು ಬಂತು. ಮುಂದಿನ ಚಕ್ರ ಅದಕ್ಕೆ ತಾಗಿರುತ್ತದೆ, ಗೇಟು ಮುಂದಕ್ಕೆ ಬಿದ್ದೊಡನೆ ಓಟ. ಮೊದಮೊದಲು ಎಲ್ಲರೂ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದರು. ಮುಂದೆ ಎರಡೂ ಪಾದ ಪೆಡಲಿನ ಮೇಲಿಟ್ಟು, ಚಕ್ರವನ್ನು ಗೇಟಿಗೆ ಒತ್ತಿ, ಸೀಟಿನಿಂದ ಮೇಲೆದ್ದು ಸಮತೋಲನದಲ್ಲಿ ನಿಲ್ಲುವ ವಿದ್ಯೆ ಬಂತು. ನೆಲದ ಮೇಲಿನ ಕಾಲನ್ನು ಎತ್ತಿ ಪೆಡಲಿಗೆ ಇಡಲು ತಗಲುವ ಕ್ಷಣ ಉಳಿಯಿತು. ಆ ಕ್ಷಣವೇ ಅರ್ಧ ಸೈಕಲಿನ ಅಂತರ. ಮೊದಲ ತಿರುವಿಗೆ ಯಾರು ಮೊದಲು ತಲುಪುತ್ತಾರೋ ಅವರಿಗೆ ಹೋಲ್‌ಶಾಟ್ ಸಿಕ್ಕಿತು ಎನ್ನುತ್ತಾರೆ. ಓಟ ಅಷ್ಟು ಚಿಕ್ಕದಾದ್ದರಿಂದ ಹೋಲ್‌ಶಾಟ್ ಸಿಕ್ಕವನನ್ನು ಹಿಂದಿಕ್ಕುವುದು ಕಷ್ಟ. ಹೀರೊನನ್ನು ಕಂಡ ಜಾಣ ಹುಡುಗ ಅವನ ಮುಖ ನೋಡುತ್ತಿರಲಿಲ್ಲ, ಗೇಟಿನ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತು ಅವನ ಪಾದ ನೋಡುತ್ತಿದ್ದ. ಮುಂದಿನ ಪೆಡಲ್ ಎಷ್ಟು ಎತ್ತರದಲ್ಲಿದೆ? ಸೊಂಟ ಎಷ್ಟು ಹಿಂದಿದೆ? ಕಣ್ಣು ಎಲ್ಲಿದೆ?

ಆ ಕಾಲದ ಗೋಡೆಗಳ ಮೇಲೆ ಯಾರ ಚಿತ್ರವಿತ್ತು ಎಂದು ಕೇಳಿದರೆ ಮೊದಲು ಬರುವ ಹೆಸರು ಸ್ಟು ಥಾಮ್ಸನ್. ಸ್ಟಾಂಪಿನ್ ಸ್ಟು ಎಂಬುದು ಅಡ್ಡಹೆಸರು, ಪೆಡಲನ್ನು ತುಳಿಯುವುದಲ್ಲ, ಮೆಟ್ಟುವುದು ಎಂಬ ಅರ್ಥದಲ್ಲಿ. ದೊಡ್ಡ ಮೈಕಟ್ಟಿನ ಆಳು ಪುಟ್ಟ ಇಪ್ಪತ್ತು ಇಂಚಿನ ಸೈಕಲ್ಲಿನ ಮೇಲೆ. ನೋಡುವುದಕ್ಕೆ ಹೊಂದಿಕೆಯಿಲ್ಲ ಎನಿಸಿದರೂ ನೇರ ದಾರಿಯಲ್ಲಿ ಅವನ ಬಲಕ್ಕೆ ಎದುರಿಲ್ಲ. 1970ರ ದಶಕದ ಕೊನೆ ಮತ್ತು 80ರ ದಶಕದ ಆರಂಭದಲ್ಲಿ ರೆಡ್‌ಲೈನ್ ತಂಡದ ಅಂಗಿ ತೊಟ್ಟು ಗೆದ್ದ. ಅವನನ್ನು ಎದುರಿಸಿದವರಲ್ಲಿ ಮುಖ್ಯನಾದವನು ಅವನಿಗಿಂತ ಕೆಲವು ವರ್ಷ ಕಿರಿಯನಾದ ಗ್ರೆಗ್ ಹಿಲ್. ಹಿಲ್‌ನ ಹೆಸರು ಗೇಟಿನಲ್ಲಿ. ಓಟದ ಆರಂಭವನ್ನು ವಿದ್ಯೆಯಂತೆ ಅಭ್ಯಾಸ ಮಾಡಿ, ಬಲಕ್ಕೆ ಲೆಕ್ಕಾಚಾರದಿಂದ ಉತ್ತರ ಕೊಟ್ಟ. ಬಿಎಂಎಕ್ಸ್‌ನಲ್ಲಿ ಹೀರೊನನ್ನು ಭೇಟಿಯಾಗುವುದೆಂದರೆ ಕೊನೆಗೆ ಇದೇ. ಮೊದಲು ಅವನನ್ನು ಬೇರೆ ವಯಸ್ಸಿನ ವರ್ಗದಲ್ಲಿ ದೂರದಿಂದ ನೋಡುವುದು, ಬೆಳೆದು ಪ್ರೊ ಆದ ದಿನ ಅವನ ಪಕ್ಕದ ಲೇನಿನಲ್ಲಿ ಚಕ್ರ ನಿಲ್ಲಿಸುವುದು.

ಹುಡುಗಿಯರಿಗೆ ಈ ದಾರಿ ಇಷ್ಟು ಸಲೀಸಾಗಿರಲಿಲ್ಲ. ಮೊದಲ ದಿನಗಳಲ್ಲಿ ಅನೇಕ ಕಡೆ ಅವರು ಹುಡುಗರ ಮೋಟೊಗಳಲ್ಲೇ ಓಡಬೇಕಿತ್ತು. ಪ್ರತ್ಯೇಕ ವರ್ಗ ಬಂದಾಗಲೂ ಅದಕ್ಕೆ ಮುಖಕ್ಕೆ ಹಚ್ಚುವ ಪೌಡರಿನ ಹೆಸರಿಟ್ಟು ಪೌಡರ್ ಪಫ್ ಎಂದರು. ನನಗೆ ಇದು ಇಂದಿಗೂ ಚುಚ್ಚುತ್ತದೆ. ಆ ಹೆಸರಿನ ನೆರಳಿನಿಂದ ಕ್ರೀಡೆಯನ್ನು ಹೊರತಂದವರಲ್ಲಿ ಕ್ಯಾಲಿಫೋರ್ನಿಯಾದ ಚೆರಿ ಎಲಿಯಟ್ ದೊಡ್ಡವರು. 1980ರ ದಶಕದಲ್ಲಿ ಬಾಲಕಿಯರ ವಿಭಾಗದಲ್ಲಿ ರಾಷ್ಟ್ರಮಟ್ಟದ ಒಂದನೆಯ ಸ್ಥಾನದಲ್ಲಿ ನಿಂತರು. ಮುಂದೆ ಬೆಟ್ಟದ ಸೈಕಲ್ಲಿನಲ್ಲೂ ಗೆದ್ದರು. ಹತ್ತು ವರ್ಷದ ಹುಡುಗಿಗೆ ಮೋಟೊ ಬೋರ್ಡಿನಲ್ಲಿ ಹುಡುಕಲು ಒಂದು ಹೆಸರು ಸಿಕ್ಕಿತು.

ಹೀರೊನನ್ನು ದೂರದಿಂದಲೇ ಗುರುತಿಸುತ್ತಿದ್ದದ್ದು ಹ್ಯಾಂಡಲಿನ ಮುಂದಿನ ನಂಬರ್ ಪ್ಲೇಟಿನಿಂದ. ಆ ಸಂಖ್ಯೆ ಕ್ರಿಕೆಟ್ ಅಂಗಿಯ ಸಂಖ್ಯೆಯಂತೆ ಇಷ್ಟಪಟ್ಟು ಹಾಕಿಕೊಳ್ಳುವಂಥದ್ದಲ್ಲ. ಹಿಂದಿನ ವರ್ಷ ಕೂಡಿಸಿದ ಅಂಕಗಳಲ್ಲಿ ನೀವು ಎಷ್ಟನೆಯವರು ಎಂಬುದೇ ಈ ವರ್ಷದ ನಿಮ್ಮ ಸಂಖ್ಯೆ. ಪ್ಲೇಟಿನಲ್ಲಿ 1 ಇದ್ದರೆ ಅವನು ಕಳೆದ ವರ್ಷದ ಚಾಂಪಿಯನ್. ನಿಮ್ಮದು 437 ಆದರೆ ಅವನಿಗೂ ನಿಮಗೂ ನಡುವೆ ಎಷ್ಟು ಜನ ಇದ್ದಾರೆ ಎಂಬುದು ಇಬ್ಬರ ಹ್ಯಾಂಡಲ್ ಮೇಲೂ ಬರೆದಿರುತ್ತದೆ. ದೂರ ಬಹಳವಿರಬಹುದು, ಆದರೆ ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. ಈ ಪ್ಲೇಟುಗಳನ್ನು ಸೈಕಲಿಗೆಂದೇ ಚೆಂದವಾಗಿ ತಯಾರಿಸಲು ಹೊರಟ ಬಾಬ್ ಹಾರೊ ಕೂಡ ಸ್ಯಾನ್ ಡಿಯಾಗೊ ಕಡೆಯ ಒಬ್ಬ ಯುವ ಸವಾರ, ಚಿತ್ರ ಬರೆಯುವವನು. ಕೈಯಲ್ಲಿ ಕತ್ತರಿಸಿ ಮಾಡಿದ ಪ್ಲಾಸ್ಟಿಕ್ ಪ್ಲೇಟುಗಳಿಂದ ಆರಂಭವಾದದ್ದು ಹಾರೊ ಎಂಬ ಕಂಪನಿಯೇ ಆಯಿತು.

ಗೋಡೆಯ ಮೇಲಿನ ಚಿತ್ರ ಎಲ್ಲಿಂದ ಬರುತ್ತಿತ್ತು? ಪತ್ರಿಕೆಗಳಿಂದ. ಬಾಬ್ ಆಸ್ಬಾರ್ನ್ 1970ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಿಂದ ಹೊರಡಿಸುತ್ತಿದ್ದ ಬಿಎಂಎಕ್ಸ್ ಆ್ಯಕ್ಷನ್ ಇವುಗಳಲ್ಲಿ ಹೆಸರಾದದ್ದು. ಛಾಯಾಚಿತ್ರ, ಸೈಕಲ್ ಪರೀಕ್ಷೆ, ರೇಸ್ ವರದಿ ಎಲ್ಲವೂ ಅದರಲ್ಲಿ. ಹಾರೊ ಅದಕ್ಕೆ ಚಿತ್ರ ಬರೆದ, ಆಸ್ಬಾರ್ನ್ ಅವರ ಮಗ ಆರ್.ಎಲ್. ಆಸ್ಬಾರ್ನ್ ಜೊತೆ ಸೇರಿ ಸೈಕಲ್ ಕಸರತ್ತಿನ ತಂಡ ಮಾಡಿದ. ಇಂದಿನ ಫ್ರೀಸ್ಟೈಲ್ ಬಿಎಂಎಕ್ಸ್‌ನ ಬೇರುಗಳಲ್ಲಿ ಅದೂ ಒಂದು. ಟಿವಿ ಬಿಎಂಎಕ್ಸನ್ನು ಇನ್ನೂ ಅಷ್ಟಾಗಿ ಕಣ್ಣೆತ್ತಿ ನೋಡದ ಕಾಲ. ಹಾಗಾಗಿ ಹುಡುಗನಿಗೆ ತನ್ನ ಹೀರೊ ನಿಂತ ಚಿತ್ರವಾಗಿ ಮಾತ್ರ ಗೊತ್ತು. ಅಲುಗಾಡುವ, ಬೆವರುವ, ಗೇಟಿನಲ್ಲಿ ತುಟಿ ಕಚ್ಚುವ ಮನುಷ್ಯನನ್ನು ಮೊದಲು ಕಾಣುವುದು ಟ್ರ್ಯಾಕಿನಲ್ಲೇ. ಆ ಮೊದಲ ನೋಟದ ತೂಕ, ಬೆರಳ ತುದಿಯಲ್ಲಿ ವಿಡಿಯೊ ಇರುವ ಇಂದಿನ ಮಕ್ಕಳಿಗೆ ಹೇಳಿ ಮನವರಿಕೆ ಮಾಡುವುದು ಕಷ್ಟ.

ಸೈಕಲ್ಲಿನ ಕಥೆಯೂ ಹೀರೊಗಳ ಕಥೆಯೇ. ಸ್ಟಿಂಗ್‌ರೇಗಳನ್ನು ಹಾರಿಸುವುದಕ್ಕೆಂದು ಮಾಡಿರಲಿಲ್ಲ. ಫೋರ್ಕು ಬಾಗುತ್ತಿತ್ತು, ಚೌಕಟ್ಟು ಬೆಸುಗೆಯ ಬಳಿ ಬಿರಿಯುತ್ತಿತ್ತು, ಕಡ್ಡಿಯ ಚಕ್ರ ಹಪ್ಪಳದಂತೆ ಸುರುಟಿಕೊಳ್ಳುತ್ತಿತ್ತು. ಒಂದೊಂದು ಮುರಿತಕ್ಕೂ ಒಬ್ಬೊಬ್ಬರು ಉತ್ತರ ಹುಡುಕಿದರು. ಸ್ಕಿಪ್ ಹೆಸ್ ಕಡ್ಡಿಗಳ ಬದಲು ಅಚ್ಚು ಹೊಯ್ದ ಮೋಟೊಮ್ಯಾಗ್ ಚಕ್ರ ಮಾಡಿದರು, ಅವರ ಕಂಪನಿಯಿಂದಲೇ ಮಾಂಗೂಸ್ ಸೈಕಲ್ ಬಂತು. ರೆಡ್‌ಲೈನ್‌ನ ಲಿನ್ ಕಾಸ್ಟನ್ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಕೊಳವೆಯ ಫೋರ್ಕು ತಂದರು. ಗ್ಯಾರಿ ಟರ್ನರ್ ತನ್ನ ಮಗನಿಗಾಗಿ ಬೆಸೆದ ಚೌಕಟ್ಟು ಮುಂದೆ ಜಿಟಿ ಕಂಪನಿಯಾಯಿತು. ಲಾಂಗ್ ಬೀಚಿನ ಆ ಹದಿಮೂರರ ಹುಡುಗ ಬ್ರೈಟಾಪ್ 1977ರಲ್ಲಿ ಎಸ್‌ಇ ರೇಸಿಂಗ್ ಕಟ್ಟಿದ. ಅಲ್ಲಿಂದ ಬಂದ ಅಲ್ಯೂಮಿನಿಯಂ ಚೌಕಟ್ಟಿನ ಹೆಸರು ಪಿಕೆ ರಿಪ್ಪರ್. ಪಿಕೆ ಎಂದರೆ ಪೆರಿ ಕ್ರೇಮರ್, ತಂಡದ ಸವಾರ. ಹೀರೊನ ಇನಿಶಿಯಲ್ ಸೈಕಲ್ಲಿನ ಹೆಸರಾಗಿತ್ತು. ಅದನ್ನು ಕೊಂಡ ಹುಡುಗ ಕ್ರೇಮರ್‌ನನ್ನು ಟ್ರ್ಯಾಕಿನಲ್ಲಿ ಕಂಡಾಗ ಇಬ್ಬರ ಕೆಳಗೂ ಒಂದೇ ಚೌಕಟ್ಟು. ಫಾರ್ಮುಲಾ ಒನ್ ನೋಡುವ ಮಗುವಿಗೆ ಈ ಭಾಗ್ಯವಿಲ್ಲ.

ಕಂಪನಿಗಳು ಒಳ್ಳೆಯ ಸವಾರರಿಗೆ ಸೈಕಲ್, ಅಂಗಿ, ಪ್ರಯಾಣದ ಖರ್ಚು ಕೊಟ್ಟು ಫ್ಯಾಕ್ಟರಿ ತಂಡ ಕಟ್ಟಿದವು. ಬೇಸಿಗೆ ರಜೆಯಲ್ಲಿ ತಂಡದ ವ್ಯಾನು ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಿತ್ತು. ಸೈಕಲ್ ಅಂಗಡಿಯ ಮುಂದೆ ನಿಲ್ಲಿಸಿ ಮಕ್ಕಳಿಗೆ ಪಾಠ ಹೇಳುವುದು, ಸ್ಥಳೀಯ ಟ್ರ್ಯಾಕಿನಲ್ಲಿ ಓಡುವುದು, ಮತ್ತೆ ರಸ್ತೆ ಹಿಡಿಯುವುದು. ಹೀರೊ ಊರಿಗೆ ಬರುತ್ತಿದ್ದ, ಅವನನ್ನು ನೋಡಲು ಲಾಸ್ ಏಂಜಲೀಸ್‌ಗೆ ಹೋಗಬೇಕಿರಲಿಲ್ಲ.

ಈ ವ್ಯವಸ್ಥೆ ಅಟ್ಲಾಂಟಿಕ್ ದಾಟಿದಾಗಲೂ ತನ್ನ ಗುಣ ಬಿಡಲಿಲ್ಲ. ನೆದರ್ಲೆಂಡ್ಸ್‌ನ ಗೆರಿಟ್ ಡೂಸ್ ಯುರೋಪಿಗೆ ಬಿಎಂಎಕ್ಸ್ ಒಯ್ದರು. 1981ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು, 1982ರಲ್ಲಿ ಒಹಾಯೊದ ಡೇಟನ್‌ನಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆ ವರ್ಷವೇ ಇ.ಟಿ. ಚಿತ್ರ ಬಂದು, ಅದರಲ್ಲಿನ ಸೈಕಲ್ ಹುಡುಗರನ್ನು ನೋಡಿದ ಎಡಿನ್‌ಬರೊದ ಆರು ವರ್ಷದ ಬಾಲಕನೊಬ್ಬ ತನಗೂ ಅದೇ ಬೇಕೆಂದು ಹಠ ಹಿಡಿದ. ಹಳೆಯ ಸಾಮಾನಿನ ಮಾರಾಟದಲ್ಲಿ 5 ಪೌಂಡಿಗೆ ಒಂದು ಸೈಕಲ್ ಸಿಕ್ಕಿತು. ಏಳರಿಂದ ಹದಿನಾಲ್ಕನೆಯ ವಯಸ್ಸಿನವರೆಗೆ ಅವನು ಬಿಎಂಎಕ್ಸ್ ಓಡಿದ. ತನ್ನ ವಯೋವರ್ಗದಲ್ಲಿ ಬ್ರಿಟನ್ನಿಗೆ ಎರಡನೆಯವನು, ಯುರೋಪಿಗೆ ಐದನೆಯವನು, ಜಗತ್ತಿಗೆ ಒಂಬತ್ತನೆಯವನು. ಅವನ ಹೆಸರು ಕ್ರಿಸ್ ಹಾಯ್, ಮುಂದೆ ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಆರು ಒಲಿಂಪಿಕ್ ಚಿನ್ನ ಗೆದ್ದವರು. ಇಲ್ಲಿ ಗಮನಿಸಬೇಕಾದ್ದು ಆ ಒಂಬತ್ತನೆಯ ಸ್ಥಾನ. ಪುಟ್ಟ ಹುಡುಗನಿಗೆ ವಿಶ್ವ ಶ್ರೇಯಾಂಕ ಕೊಡುವ ಕ್ರೀಡೆಗಳು ಎಷ್ಟಿವೆ? ದೊಡ್ಡವರಿಗೆ ಇರುವುದೆಲ್ಲ, ಪ್ಲೇಟು, ಶ್ರೇಯಾಂಕ, ವಿಶ್ವ ಪ್ರಶಸ್ತಿ, ಚಿಕ್ಕವರಿಗೂ ಇರಬೇಕು ಎಂಬುದು ಬಿಎಂಎಕ್ಸ್‌ನ ಹುಟ್ಟುಗುಣ.

1980ರ ದಶಕದ ನಡುವಿನಲ್ಲಿ ಅಬ್ಬರ ಇಳಿಯಿತು. ಮಾರಾಟ ಕುಸಿಯಿತು, ತಂಡಗಳು ಚಿಕ್ಕದಾದವು. ಉಳಿದುಕೊಂಡ ಕ್ರೀಡೆ ಮೆಲ್ಲಗೆ ಬೆಳೆದು 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ತಲುಪಿತು. ಲಾಟ್ವಿಯಾದ ಮಾರಿಸ್ ಸ್ಟ್ರಾಂಬರ್ಗ್ಸ್, ಫ್ರಾನ್ಸಿನ ಆನ್-ಕ್ಯಾರೊಲಿನ್ ಶೋಸೋನ್ ಮೊದಲ ಚಿನ್ನ ಗೆದ್ದರು. ಅಲ್ಲಿನ ಓಟ ಶುರುವಾದದ್ದು ಎಂಟು ಮೀಟರ್ ಎತ್ತರದ ಕಟ್ಟೆಯಿಂದ. ಆ ಎತ್ತರವೇ ಮೊದಲ ಬೇಲಿ ಎಂದು ನನ್ನ ಅನಿಸಿಕೆ. ಹತ್ತು ವರ್ಷದ ಮಗು ಅಲ್ಲಿಂದ ಇಳಿಯಲಾರದು, ಇಳಿಯಬಾರದು. ಹಾಗಾಗಿ ಇಂದಿನ ದೊಡ್ಡ ಕೂಟಗಳಲ್ಲಿ ಎರಡು ಕಟ್ಟೆಗಳು. ಎಂಟು ಮೀಟರಿನದು ಹೆಸರಾಂತರಿಗೆ, ಐದು ಮೀಟರಿನದು ಮಕ್ಕಳಿಗೆ ಮತ್ತು ಹವ್ಯಾಸಿಗಳಿಗೆ. ವಿಶ್ವ ಚಾಂಪಿಯನ್‌ಷಿಪ್ಪಿನ ವಾರದಲ್ಲಿ ಪುಟ್ಟ ಮಕ್ಕಳ ಸ್ಪರ್ಧೆ ಈಗಲೂ ನಡೆಯುತ್ತದೆ, ಅದು ಸಮಾಧಾನ. ಆದರೆ ಒಂದೇ ಗೇಟು ಎರಡಾಗಿದೆ. ಸುರಕ್ಷತೆಗೆ ಅದು ಬೇಕು, ನನಗೆ ಅದರಲ್ಲಿ ತಕರಾರಿಲ್ಲ. ಕಳೆದುಹೋದದ್ದು ಏನೆಂದು ಮಾತ್ರ ಹೇಳುತ್ತಿದ್ದೇನೆ.

ವಯಸ್ಸಿನ ವರ್ಗಗಳು ಬಿಎಂಎಕ್ಸ್‌ನಲ್ಲಿ ಹದಿನಾರಕ್ಕೋ ಇಪ್ಪತ್ತಕ್ಕೋ ನಿಲ್ಲುವುದಿಲ್ಲ. ಸ್ವಲ್ಪ ದೊಡ್ಡ ಚಕ್ರದ ಸೈಕಲ್ಲುಗಳ ಕ್ರೂಸರ್ ವಿಭಾಗದಲ್ಲಿ ಯುಎಸ್‌ಎ ಬಿಎಂಎಕ್ಸ್ 46ರಿಂದ 50, 51ರಿಂದ 55, 56ರಿಂದ 60 ಎಂದು ಐದೈದು ವರ್ಷಗಳ ವರ್ಗಗಳನ್ನೂ ನಡೆಸುತ್ತದೆ. ಎಸ್‌ಇ ಕಂಪನಿ ಹಳೆಯ ರಿಪ್ಪರನ್ನು ದೊಡ್ಡವರ ಮೈಗೆ ಹೊಂದುವಂತೆ 29 ಇಂಚಿನ ಚಕ್ರ ಹಾಕಿ ಬಿಗ್ ರಿಪ್ಪರ್ ಎಂದು ಮಾರುತ್ತಿದೆ. ಅದನ್ನು ಕೊಳ್ಳುವವರಲ್ಲಿ ಚಿಕ್ಕಂದಿನಲ್ಲಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡಿ ಹಿಂತಿರುಗಿದವರೂ ಇದ್ದಾರೆ. ಈ ಎಲ್ಲವನ್ನೂ ಕಟ್ಟಲು ಶುರುಮಾಡಿದ ಸ್ಕಾಟ್ ಬ್ರೈಟಾಪ್ 2015ರಲ್ಲಿ ತೀರಿಕೊಂಡರು. ವಯಸ್ಸು 57.

ಈಗ ಒಂದು ಸಣ್ಣ ಲೆಕ್ಕ. ಮೊದಲು ಹೇಳಿದ ಆ ಹುಡುಗನಿಗೆ ಹತ್ತು ವರ್ಷ, ಬೆನ್ನ ಹಿಂದೆ ನಿಂತವನಿಗೆ ಹದಿನಾಲ್ಕು ಎಂದಿಟ್ಟುಕೊಳ್ಳಿ. ಅಂದಿನ ನಿಯಮದಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ವರ್ಗ, ಹಾಗಾಗಿ ಅವರಿಬ್ಬರೂ ಒಂದೇ ಹಾಳೆಯಲ್ಲಿ ಬರುವಂತಿರಲಿಲ್ಲ. ಒಬ್ಬನಿಗೆ 51, ಇನ್ನೊಬ್ಬನಿಗೆ 55 ಆದ ವರ್ಷ ಐದೈದು ವರ್ಷಗಳ ವರ್ಗದ ನಿಯಮ ಇಬ್ಬರನ್ನೂ ಒಂದೇ ವರ್ಗಕ್ಕೆ ಸೇರಿಸುತ್ತದೆ. ಹಲಗೆಗೆ ಪಿನ್ನು ಹೊಡೆದ ಹಾಳೆಯಲ್ಲಿ ಒಂದರ ಕೆಳಗೆ ಒಂದು, ಎರಡು ಹೆಸರು. ಲೇನು ಮೂರು, ಲೇನು ನಾಲ್ಕು.